ಮಸ್ಟರ್ ಗಂಟೆಯಾದ ಪ್ರೊಪೆಲ್ಲರ್

ಬೇಕಾದ ವಸ್ತುವಿನ ಕಡೆ ನೋಡಬಾರದು. ಮೂಡಿಗೆರೆಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಹಳೇ ಪಲ್ಪರ್, ಪಂಪ್‌ಸೆಟ್, ಸ್ಪ್ರೇಯರ್‌ಗಳನ್ನು ಕೊಂಡು, ಮಾರಿ, ಅದರಲ್ಲೇ ಮನೆ ಕಟ್ಟಿಸಿದವನ ಅನುಭವದ ಮಾತು ಇದು. ಪುಕ್ಕಟೆಯಾಗಿ ಕೊಡುತ್ತಿದ್ದೇನೆ, ಇಟ್ಟುಕೊಳ್ಳಿ. ನಿಮಗೆ ಪಂಪ್ ಬೇಕಿದ್ದರೆ ಪಕ್ಕದ ಡ್ರಮ್ಮಿನ ಬೆಲೆ ಕೇಳಿ, ಡ್ರಮ್ಮಿಗಾಗಿ ಅರ್ಧ ಗಂಟೆ ಜಗಳವಾಡಿ, ಹೊರಡುವಾಗ ಜೀಪಿನ ಬಾಗಿಲು ಹಿಡಿದುಕೊಂಡು, ಆ ಪಂಪೂ ಸುಮ್ಮನೆ ಬಿದ್ದಿದೆಯಲ್ಲ ಎಂದು ಆಕಳಿಸಿ. ನನ್ನ ಹೆಂಡತಿ ಸರೋಜಳನ್ನು ನೋಡಲು ಹೋದಾಗಲೂ ನಾನು ಅವರ ಮನೆಯ ಗೋಡೆ ಗಡಿಯಾರವನ್ನೇ ನೋಡುತ್ತಿದ್ದೆ. ಹುಡುಗನಿಗೆ ಬಸ್ಸಿಗೆ ಹೊತ್ತಾಗಿರಬೇಕು ಎಂದು ಮಾವನವರು ಅವಸರದಲ್ಲಿ ಒಪ್ಪಿಕೊಂಡರು.

ನನ್ನ ಈ ವಿದ್ಯೆಗೆ ಇರುವ ಏಕೈಕ ಶತ್ರು ಹಳೇ ವಿಮಾನ. ನಮ್ಮ ಗುಡ್ಡಗಳಲ್ಲಿ ಸಮತಟ್ಟಾದ ಜಾಗ ಎಂದರೆ ಕಾಫಿ ಒಣಗಿಸುವ ಕಣ ಮಾತ್ರ. ಅಲ್ಲಿ ಇಳಿಯುವುದು ಕಾಗೆಗಳಷ್ಟೇ. ಹಾಗಿರುವಾಗ ಈ ಹುಚ್ಚು ಎಲ್ಲಿಂದ ಬಂತೆಂದರೆ, ಹರೆಯದಲ್ಲಿ ಮೋಟರಿನ ಬಿಡಿಭಾಗ ತರಲು ಬೆಂಗಳೂರಿಗೆ ಹೋದವನು ದಾರಿ ತಪ್ಪಿ ಜಕ್ಕೂರಿನ ವಿಮಾನ ಮೈದಾನದ ಬೇಲಿಗೆ ಮುಖ ಒತ್ತಿ ನಿಂತಿದ್ದೆ. ಬೇಲಿಯ ಬುಡದಲ್ಲೇ ಒಂದು ಪುಟ್ಟ ವಿಮಾನ, ಚಕ್ರದ ಕಡ್ಡಿಗಳ ನಡುವೆ ಹುಲ್ಲು ಬೆಳೆಸಿಕೊಂಡು, ಬಟ್ಟೆ ಹೊದಿಸಿದ ರೆಕ್ಕೆ ಹರಿದುಕೊಂಡು ಕೂತಿತ್ತು. ಕಾವಲುಗಾರನಿಗೆ ಟೀ ಕುಡಿಸಿ, ಅವನ ಊರಿನ ಮಳೆ ಬೆಳೆ ವಿಚಾರಿಸಿ, ಐದೇ ಐದು ನಿಮಿಷ ಅದರ ಸೀಟಿನಲ್ಲಿ ಕೂತೆ. ಹಳೇ ಚರ್ಮ, ಪೆಟ್ರೋಲು, ಇಲಿ, ಮೂರೂ ಸೇರಿದ ವಾಸನೆ. ಅಂದಿನಿಂದ ಎಲ್ಲಿ ಹೋದರೂ ಮೈದಾನದ ಮೂಲೆ ಹುಡುಕುತ್ತೇನೆ. ಗಡಗಡ ಎನ್ನುವ ಬಸ್ಸನ್ನು ನಮ್ಮ ಜನ ಡಕೋಟಾ ಎಂದು ಹಂಗಿಸಿದರೆ ನನಗೆ ನೋವಾಗುತ್ತದೆ. ಡಕೋಟಾ ವಿಮಾನ ಕೆಸರು ಗದ್ದೆಯಲ್ಲೂ ಇಳಿದು ಎದ್ದು ಹೋಗುತ್ತಿತ್ತಂತೆ. ನಮ್ಮ ಬಸ್ಸು ಇಳಿಯುತ್ತದೆ, ಏಳುವುದಿಲ್ಲ.

ಕಳಸದ ದಾರಿಯಲ್ಲಿ ಕಮಲಮ್ಮನವರ ತೋಟವಿದೆ. ಆಳುಗಳನ್ನು ಮಸ್ಟರಿಗೆ, ಅಂದರೆ ಬೆಳಗಿನ ಹಾಜರಿಗೆ ಕರೆಯಲು, ಊಟಕ್ಕೆ ಬಿಡಲು ಎಲ್ಲ ಎಸ್ಟೇಟುಗಳಲ್ಲೂ ಒಂದು ರೈಲು ಕಂಬಿಯ ತುಂಡನ್ನು ಮರಕ್ಕೆ ತೂಗುಹಾಕಿ ಬಾರಿಸುವುದು ವಾಡಿಕೆ. ಹೋದ ವರ್ಷ ಅಲ್ಲಿಗೆ ಯಾವುದೋ ಸ್ಪ್ರೇಯರ್ ನೋಡಲು ಹೋದವನು ಕಣದ ಪಕ್ಕದ ಹಲಸಿನ ಮರದ ಕಡೆ ಕತ್ತೆತ್ತಿದೆ, ತಕ್ಷಣ ಇಳಿಸಿದೆ. ತೂಗುತ್ತಿದ್ದದ್ದು ಕಂಬಿಯಲ್ಲ. ಆಳೆತ್ತರದ, ನವಿರಾಗಿ ತಿರುಚಿದ, ಕೆಂಪು ಬಣ್ಣ ಬಳಿದ ವಿಮಾನದ ಪ್ರೊಪೆಲ್ಲರಿನ ಒಂದು ಅಲಗು! ಯಾವ ವಿಮಾನದ್ದು, ಯಾವ ಮೈದಾನದಿಂದ ಈ ಗುಡ್ಡ ಹತ್ತಿತು? ಬುಡದಲ್ಲಿ ನಂಬರು ಒತ್ತಿರುತ್ತಾರೆ, ಬಣ್ಣ ಕೆರೆದರೆ ಗೊತ್ತಾದೀತು. ಆದರೆ ಕೆರೆಯಲು ನೋಡಬೇಕಲ್ಲ, ನೋಡಿದರೆ ಕೆಟ್ಟೆ.

ಆಮೇಲೆ ಮೂರು ಸಲ ಹೋದೆ. ಮೂರು ಸಲವೂ ಹಲಸಿನ ಮರಕ್ಕೆ ಬೆನ್ನು ಹಾಕಿ, ಯಾರಿಗೂ ಬೇಡವಾದ ಮುರುಕು ಪಲ್ಪರಿಗೆ ಚೌಕಾಸಿ ಮಾಡಿದೆ. ಕೊನೆಗೆ ಅದನ್ನು ಕೊಂಡೂಬಿಟ್ಟೆ. ಜೀಪಿಗೆ ಏರಿಸಿದ ಮೇಲೆ ಬಾಗಿಲು ಹಿಡಿದುಕೊಂಡು, ಆ ಮರದಲ್ಲೇನೋ ತಗಡು ತೂಗುತ್ತಿದೆಯಲ್ಲ, ಅದನ್ನೂ ಹಾಕಿಬಿಡಿ ಎಂದು ಆಕಳಿಸಿದೆ.

ಕಮಲಮ್ಮನವರು ಕಾಫಿ ಲೋಟ ಕೆಳಗಿಟ್ಟರು. "ಅಲ್ಲ ಮಾರಾಯ್ರೆ, ಈ ಕಣಕ್ಕೆ ಬಂದವ್ರೆಲ್ಲ ಮೊದ್ಲು ಅದನ್ನ ನೋಡಿ ಏನಿದು ಅಂತ ಕೇಳ್ತಾರೆ. ಪೋಸ್ಟಿನವ್ರು ಕೇಳಿದ್ರು, ಕರೆಂಟಿನವ್ರು ಕೇಳಿದ್ರು. ನೀವೊಬ್ರೇ ಮೂರು ಸಲ ಬಂದ್ರೂ ಒಂದ್ಸಲಾನೂ ತಲೆ ಎತ್ಲಿಲ್ಲ. ಅವತ್ತೇ ಗೊತ್ತಾಯ್ತು ನಂಗೆ."

ಅವರ ಮಾವನವರು ಯಾವುದೋ ಹರಾಜಿನಿಂದ ತಂದದ್ದಂತೆ, ಅದಕ್ಕಿಂತ ಹೆಚ್ಚು ಅವರಿಗೂ ಗೊತ್ತಿಲ್ಲ. ನಾಚಿಕೆ ಬಿಟ್ಟು ಏಣಿ ಹತ್ತಿ ಬಣ್ಣ ಕೆರೆದೆ. ಅರ್ಧ ನಂಬರು ಸುತ್ತಿಗೆಯ ಪೆಟ್ಟಿಗೆ ಅಳಿಸಿಹೋಗಿತ್ತು. ಉಳಿದರ್ಧ ನೋಡಿ ಡಕೋಟಾದ್ದೇ ಇರಬೇಕೆಂದು ನಾನೇ ತೀರ್ಮಾನಿಸಿಕೊಂಡೆ. ಕೊಡಲು ಅಮ್ಮನವರದು ಒಂದೇ ಷರತ್ತು: ಇದರ ಬದಲು ಏನು ತಂದರೂ ಸರಿ, ಹಳ್ಳದ ಪಕ್ಕ ತೋಟದ ಕೊನೆಯ ಭಾಗವಾದ ಕೆಳಗಿನ ಬ್ಲಾಕಿನವರೆಗೆ ಸದ್ದು ಮುಟ್ಟಬೇಕು. ಮುಟ್ಟಿದರೆ ಅಲ್ಲಿನ ಹೆಂಗಸರು ಕೂಗು ಹಾಕುತ್ತಾರೆ.

ಅಂದಿನಿಂದ ನಾನು ಸುತ್ತಿಗೆ ಇಟ್ಟುಕೊಂಡು ತಿರುಗಿದೆ. ಗುಜರಿಗಳಲ್ಲಿ ಕಂಡದ್ದಕ್ಕೆಲ್ಲ ಹೊಡೆದು ಕಿವಿಗೊಟ್ಟೆ. ಲಾರಿಯ ಸ್ಪ್ರಿಂಗ್ ಪಟ್ಟೆ ತಂದೆ, ಬ್ರೇಕ್ ಡ್ರಮ್ ತಂದೆ, ಕೊನೆಗೆ ಒಳ್ಳೇ ಜಾತಿಯ ರೈಲು ಕಂಬಿಯನ್ನೇ ತಂದೆ. ತೋಟದ ಆಳುಗಳನ್ನು ನೋಡಿಕೊಳ್ಳುವ ಸಣ್ಣಯ್ಯ ಮೇಸ್ತ್ರಿ ಬಾರಿಸುವುದು, ಕೆಳಗಿನಿಂದ ಕೂಗು ಬಾರದೆ ಇರುವುದು. ಕಂಬಿಯೂ ಸೋತಾಗ ಮೇಸ್ತ್ರಿಯ ಕೈ ಮೇಲೆ ಅನುಮಾನ ಬಂತು. ಇನ್ನೊಮ್ಮೆ ಬಾರಿಸಲು ಹೇಳಿ, ನಾನೇ ಕೆಳಗಿನ ಬ್ಲಾಕಿಗೆ ಇಳಿದೆ.

ಮೊದಲು ಊಟದ ಹೊತ್ತಿಗೆ ಅಲಗನ್ನು ಬಾರಿಸಿದರು. ಗಿಡಗಳ ಮೇಲಿಂದ, ದೂರದಲ್ಲೊಂದು ಎಂಜಿನ್ ಹಾದುಹೋದ ಹಾಗೆ, ಉದ್ದಕ್ಕೆ ನಡುಗುತ್ತ ಬಂತು. ಹಣ್ಣು ಕೊಯ್ಯುತ್ತಿದ್ದವರಲ್ಲಿ ಹಿರಿಯಳಾದ ಗುಲಾಬಿ ಸೊಂಟದ ಚೀಲ ಬಿಚ್ಚುತ್ತ, "ವಿಮಾನ ಬಂತು, ಏಳ್ರೇ ಊಟಕ್ಕೆ" ಎಂದಳು. ನಾನು ಹುಲ್ಲು ಬೆಳೆದ, ಇಲಿ ಸೇರಿದ, ಬೇಲಿಯಾಚೆ ಕೂತ ವಿಮಾನಗಳನ್ನೇ ಕಂಡವನು. ಇನ್ನೂ ಡ್ಯೂಟಿಯಲ್ಲಿರುವ ಹಳೇ ವಿಮಾನವನ್ನು ಕಂಡದ್ದು ಇದೇ ಮೊದಲು. ನನ್ನ ಶೆಡ್ಡಿಗೆ ಬಂದರೆ ಪಲ್ಪರಿನ ಪಕ್ಕ ಒರಗಿ ನಿಲ್ಲುತ್ತದೆ, ಅಷ್ಟೆ.

ಆಮೇಲೆ ನನ್ನ ಕಂಬಿ ಬಾರಿಸಿದರು. ಠಣ್ ಎಂದು ಸ್ಪಷ್ಟವಾಗಿ ಕೇಳಿಸಿತು, ಕಿವುಡರಿಗೂ ಕೇಳಿಸುವಂತಿತ್ತು. ಕೂಗು ಹಾಕಲು ಬಾಯಿ ತೆರೆದೆ. ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡೆ.

"ಯಾಕಣ್ಣ, ಕೂಗಲ್ವ?" ಎಂದಳು ಗುಲಾಬಿ.

"ಕೇಳ್ಸಿದ್ರೆ ತಾನೆ ಕೂಗೋದು" ಎಂದೆ.

ಅವಳು ಬುತ್ತಿ ಮುಚ್ಚಳ ತೆಗೆಯುತ್ತ ನನ್ನನ್ನು ಅಳೆದು ನೋಡಿದಳು. "ಇಷ್ಟು ದಿನ ಕೇಳ್ಸಿದ್ರೂ ನಾವು ಪುಕ್ಕಟೆ ಸುಮ್ನಿದ್ವಿ. ಇವತ್ತಿಂದ ನಿಮ್ಮ ಗುಟ್ಟೂ ಸೇರ್ತು. ಅದಕ್ಕೆ ಬೇರೆ ರೇಟು." ಎಲ್ಲರಿಗೂ ಮೂಡಿಗೆರೆ ಬೇಕರಿಯ ದಿಲ್‌ಪಸಂದ್ ಆಗಬೇಕಂತೆ.

ಎಷ್ಟು ಜನ ಎಂದು ಕೇಳಿದೆ. ಹದಿನಾಲ್ಕು ಎಂದಳು. ಅಲ್ಲಿ ನನಗೆ ಕಂಡದ್ದು ಒಂಬತ್ತೇ ತಲೆ. ಆದರೂ ನಾನು ಚೌಕಾಸಿಗೆ ಹೋಗಲಿಲ್ಲ.