ಖಾಲಿ ಲಾರಿ, ಲೋಡ್ ಲಾರಿ

ಗದ್ದಲವನ್ನು ನಮ್ಮ ಸೋದರಮಾವನಷ್ಟು ಭಕ್ತಿಯಿಂದ ಕೇಳಿದ ಮನುಷ್ಯ ಹೊಸಪೇಟೆಯಿಂದ ಕಂಪ್ಲಿಯ ತನಕ ಇನ್ನೊಬ್ಬನಿಲ್ಲ. ಇದ್ದರೆ ಅವನನ್ನು ಮನೆಯವರು ಕಟ್ಟಿಹಾಕಿರಬೇಕು!

ಅದಿರಿನ ಲಾರಿಗಳು ಊರನ್ನೆಲ್ಲ ಕೆಂಪು ಮಾಡಿದ್ದ ಕಾಲ ಅದು. ಮಾವನದು ಲಾರಿಗೆ ತಾಡಪಾಲು ಹೊಲಿಯುವ ಅಂಗಡಿ. ಅದಿರಿಗೆ ಹೊದಿಕೆ ಬೇಡವೇ? ವ್ಯಾಪಾರ ಜೋರಾಗಿತ್ತು. ಬೇರೆಯವರು ಸೈಟು ಕೊಂಡರು, ಕಾರು ಕೊಂಡರು. ಮಾವ ಆಳೆತ್ತರದ ಸ್ಪೀಕರ್ ಕೊಂಡ. ಹಂಪಿಗೆ ಬರುವ ವಿದೇಶಿಯರ ಹರಿದ ಬ್ಯಾಗು, ಟೆಂಟುಗಳನ್ನು ಪುಕ್ಕಟೆ ಹೊಲಿದುಕೊಟ್ಟು ಬದಲಿಗೆ ಸಿ.ಡಿ. ಈಸಿಕೊಳ್ಳುತ್ತಿದ್ದ. ಮೆಟಲ್, ಪಂಕ್ ಎಂಬ ಅಬ್ಬರದ ಸಂಗೀತ, ಕಂಪ್ಯೂಟರಿನಿಂದ ಹೊರಡಿಸಿದ ಕರ್ಕಶ. ಹಾಡುವವನು ಹಾಡುತ್ತಿದ್ದಾನೋ, ಯಾರಾದರೂ ಅವನ ಕಾಲ ಮೇಲೆ ಗಾಡಿ ಹತ್ತಿಸಿದ್ದಾರೋ ತಿಳಿಯದಂಥವು.

ಕೇಳಿ ಸುಮ್ಮನಿದ್ದರೆ ಅವನು ನಮ್ಮ ಮಾವನೇ? ಗೆಳೆಯನ ವಾರಪತ್ರಿಕೆಯಲ್ಲಿ ವಿಮರ್ಶೆ ಬರೆಯತೊಡಗಿದ. ಖಾಲಿ ಲಾರಿ ಬರೀ ಗಡಗಡ ಅನ್ನುತ್ತದೆ, ಲೋಡ್ ಲಾರಿ ನೆಲ ನಡುಗಿಸುತ್ತದೆ. ಹಾಗಾಗಿ ಅವನ ಪ್ರಕಾರ ಆಲ್ಬಮ್ಮುಗಳಲ್ಲಿ ಎರಡೇ ಜಾತಿ. ‘ಗಿಟಾರಿನವನು ಮೈಲುಗಟ್ಟಲೆ ಓಡಿದ್ದಾನೆ, ಒಳಗೆ ಹಿಡಿ ಮಣ್ಣಿಲ್ಲ. ಖಾಲಿ’ ಎಂದು ಒಂದು ವಾರ ಬರೆದ. ಓದಿ ನಾನು ಬೆರಗಾದೆ. ಇಂಥ ಮಾತು ಯಾವ ಪಂಡಿತನ ಬಾಯಲ್ಲಿ ಬಂದೀತು?

ಇನ್ನೊಂದು ವಾರ, ಮೆಟಲ್ಲಿನಲ್ಲೇ ಅತಿ ಕರ್ಕಶ ಬಗೆಯ ಆಲ್ಬಮ್ಮೊಂದಕ್ಕೆ ‘ಬ್ಲ್ಯಾಕ್ ಮೆಟಲ್ ಈ ಸಲ ಭಾರಿ ಲೋಡು’ ಎಂಬ ತಲೆಬರಹ ಬಂತು. ಬೆಳಿಗ್ಗೆಯೇ ಸಂಡೂರಿನ ಅದಿರು ದಲ್ಲಾಳಿಯೊಬ್ಬ ಅಂಗಡಿ ಮುಂದೆ ಜೀಪು ನಿಲ್ಲಿಸಿದ.

“ಈ ಬ್ಲ್ಯಾಕ್ ಮೆಟಲ್ ಯಾವ ಗುಡ್ಡದಾಗ ಸಿಗತೈತ್ರಿ?”

“ನಾರ್ವೆದಾಗ್ರಿ,” ಅಂದ ಮಾವ.

“ಅದು ಕುರೆಕುಪ್ಪದಿಂದ ಆಕಡಿಗೇನ್ರಿ?”

“ಭಾಳ ಆಕಡಿಗ್ರಿ. ಕುಂದ್ರಿ, ಸ್ಯಾಂಪಲ್ ಕೇಳಸ್ತೀನಿ.”

ಸ್ಯಾಂಪಲ್ ಮುಗಿಯುವ ಹೊತ್ತಿಗೆ ಜೀಪು ಯಶವಂತನಗರ ದಾಟಿತ್ತು.

ಇಂಥವನ ಜೊತೆ ಅತ್ತೆ ಹೇಗೆ ಬಾಳಿದಳು ಅಂತೀರಾ? ಅದೇ ದುಃಖದ ಮಾತು. ಅತ್ತೆಯ ಸೋಬಾನೆ ಪದವಿಲ್ಲದೆ ನಮ್ಮ ಓಣಿಯಲ್ಲಿ ಮದುವೆಯೇ ಆಗುತ್ತಿರಲಿಲ್ಲ. ಅಂಥವಳ ಕಿವಿ ಬರಬರುತ್ತ ಮಂದವಾಗಿ, ಕೊನೆಗೆ ಪೂರ್ತಿ ಮುಚ್ಚಿಕೊಂಡಿತು. ಆಕೆ ಹಾಡು ಬಿಟ್ಟಳು, ಮದುವೆಮನೆಗೆ ಹೋಗುವುದನ್ನೂ ಬಿಟ್ಟಳು. “ಆಕಿ ಕಿವಿ ಹೋಗಿದ್ದು ಇವನ ಪುಣ್ಯ” ಎಂದು ಓಣಿಯವರು ಚಾಷ್ಟಿ ಮಾಡುತ್ತಿದ್ದರು.

ಒಂದು ಮಧ್ಯಾಹ್ನ ಅಂಗಡಿಗೆ ಅಂಟಿಕೊಂಡಿದ್ದ ಅವರ ಮನೆಗೆ ಹೋದೆ. ಕಿಟಕಿ ಗಾಜು ನಡುಗುತ್ತಿತ್ತು. ಅತ್ತೆ ಸ್ಪೀಕರಿಗೆ ಅಂಗೈ ಒತ್ತಿ, ಕಣ್ಣು ಮುಚ್ಚಿ ಕುಳಿತಿದ್ದಳು. ಮಾವ ಆಕೆಯ ಮುಖವನ್ನೇ ನೋಡುತ್ತಿದ್ದ. ಹಾಡು ಮುಗಿಯಿತು.

“ಲೋಡ್ ಐತಿ,” ಅಂದಳು ಅತ್ತೆ.

ಮಾವ ಪೆನ್ನು ತೆಗೆದ. ನಾನು ಬಾಯಿ ಬಿಟ್ಟು ನಿಂತಿದ್ದನ್ನು ನೋಡಿ, “ಮೆತ್ತಗಿನ ಹಾಡು ಈಕಿ ಕೈತನಕ ಬರಂಗಿಲ್ಲಪಾ,” ಅಂದ.

ಮತ್ತೊಂದು ಹಾಡು ಶುರುವಾಯಿತು. ಡ್ರಮ್ಮಿನ ಏಟಿಗೆ ಅತ್ತೆಯ ಇನ್ನೊಂದು ಕೈ ತೊಡೆಯ ಮೇಲೆ ತಾಳ ಹಾಕತೊಡಗಿತು. ಮದುವೆಮನೆಗಳಲ್ಲಿ ನಾನು ಎಷ್ಟೋ ಸಲ ಕಂಡಂತೆಯೇ ತುಟಿ ಅಲುಗಿತು. ಬಿಟ್ಟೇ ಹೋಗಿದ್ದ ಸೋಬಾನೆ ಪದವನ್ನು ಆಕೆ ಎತ್ತಿಕೊಂಡಿದ್ದಳು! ಆ ಗದ್ದಲದಲ್ಲಿ ನನಗೆ ಒಂದಕ್ಷರವೂ ಕೇಳಲಿಲ್ಲ. ಸದ್ದು ತಗ್ಗಿಸಿದರೆ ಆಕೆಗೆ ತಾಳ ಸಿಗುತ್ತಿರಲಿಲ್ಲ. ಮಾವ ತಗ್ಗಿಸಲಿಲ್ಲ. ಮೆಲ್ಲಗೆ ಸರಿದು, ಅವಳ ಬಾಯಿಯ ಹತ್ತಿರ ಕಿವಿಯಿಟ್ಟು ಕುಳಿತ.