ರವಿವಾರದ ಭಾಷೆ

ಚಟಗಳಲ್ಲಿ ಎರಡು ಬಗೆ. ಹೇಳಿಕೊಂಡರೆ ಜನ ಬೈಯುವಂಥವು ಒಂದು ಬಗೆ. ಹೇಳಿಕೊಂಡರೆ ಜನ ಗಾಬರಿಯಾಗಿ ಡಾಕ್ಟರರ ವಿಳಾಸ ಕೊಡುವಂಥವು ಇನ್ನೊಂದು. ನನ್ನದು ಎರಡನೆಯದು. ಇಸ್ಪೀಟು ಮುಟ್ಟಿದವನಲ್ಲ, ತಂಬಾಕು ತಿಂದವನಲ್ಲ, ಭಾಲ್ಕಿಯ ಹೈಸ್ಕೂಲೊಂದರಲ್ಲಿ ಹಿಂದಿ ಕಲಿಸುತ್ತಾ ಸಭ್ಯನೆಂದು ಹೆಸರು ಪಡೆದವನು ನಾನು. ಇಂಥ ನಾನು ಎರಡು ವರ್ಷ, ಮುಖ ಕಂಡರಿಯದ ಮೂವತ್ತು ನಲವತ್ತು ಜನರೊಂದಿಗೆ ಸೇರಿ, ಇಂಟರ್‌ನೆಟ್ಟಿನಲ್ಲಿ ಒಂದು ಹೊಸ ಭಾಷೆ ತಯಾರಿಸುತ್ತಿದ್ದೆ. ಯಾವ ದೇಶದಲ್ಲೂ ಇಲ್ಲದ, ಯಾರ ತಾಯಿಯೂ ಆಡದ ಭಾಷೆ. ನಮ್ಮ ಬೀದರ ಕಡೆ ಭಾಷೆಗೇನು ಕೊರತೆ ಎಂದು ನೀವು ಕೇಳಬಹುದು. ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ, ಹಳೆಯ ಕಾಗದಪತ್ರಗಳಲ್ಲಿ ಉರ್ದು, ಗಡಿ ದಾಟಿದರೆ ತೆಲುಗು. ಆ ವರ್ಷಗಳಲ್ಲಿ ನಮಗೆ ಕೊರತೆ ಇದ್ದದ್ದು ನೀರಿಗೆ. ಸತತ ಎರಡು ಮಳೆಗಾಲ ಕೈಕೊಟ್ಟು, ಹೈದರಾಬಾದಿನ ಬಸ್ಸುಗಳ ಟಪ್ಪಿನ ಮೇಲೆ ಜನರ ಹಾಸಿಗೆ, ಪಾತ್ರೆ ಏರುತ್ತಿದ್ದಾಗ ನಾನು ಹೊಸ ಭಾಷೆಯಲ್ಲಿ ಮೋಡಕ್ಕೆ ಏನನ್ನಬೇಕೆಂದು ಯೋಚಿಸುತ್ತ ಕುಳಿತಿದ್ದೆ.

ಭಾಷೆಯ ಹೆಸರು ಲುವೇನಾ. ಕೆಲಸ ಬಹಳ ಶಿಸ್ತಿನಿಂದ ನಡೆಯುತ್ತಿತ್ತು. ಯಾರು ಬೇಕಾದರೂ ಒಂದು ಶಬ್ದ ಸೂಚಿಸಬಹುದು, ವಾರವಿಡೀ ಚರ್ಚೆ, ಕೊನೆಗೆ ಮತ ಹಾಕಿ ಪಾಸು ಅಥವಾ ನಪಾಸು. ಪಾಸಾದ ಶಬ್ದದ ಮುಂದೆ ಸೂಚಿಸಿದವರ ಹೆಸರು ಶಾಶ್ವತವಾಗಿ ನಿಲ್ಲುತ್ತಿತ್ತು. ಸದಸ್ಯರಲ್ಲಿ ಬಹುಪಾಲು ಮಂದಿ ತಂಪು ದೇಶದವರು. ಅವರಲ್ಲೊಬ್ಬಳು ಹಲ್ಲಿನ ವೈದ್ಯೆ; ಅವಳ ಊರಲ್ಲಿ ವರ್ಷದ ಎಂಟು ತಿಂಗಳು ಮಳೆಯಂತೆ. ಪುಣ್ಯಾತ್ಗಿತ್ತಿ ಮೋಡಕ್ಕೇ ಹನ್ನೊಂದು ಶಬ್ದ ಪಾಸು ಮಾಡಿಸಿದಳು. ತೆಳು ಮೋಡ, ಮುನಿಸಿಕೊಂಡ ಮೋಡ, ಮಳೆ ಸುರಿದು ಹಗುರಾದ ಮೋಡ. ನಾನು ಹನ್ನೊಂದಕ್ಕೂ ಕೈಯೆತ್ತಿದೆ. ಮನೆಯ ಹಿಂದೆ ನಮ್ಮ ಕೊಡಗಳು ಬಾಯಿ ತೆರೆದುಕೊಂಡು ಬಿಸಿಲಿಗೆ ಬಿದ್ದಿದ್ದವು. ಹೀಗೆ ಮೋಡ, ಮಂಜು, ಪಾಚಿ, ಚಿಟ್ಟೆ ಎಂದು ನಾಲ್ಕುನೂರು ಶಬ್ದಗಳಾದರೂ, ದಿನದ ಬಾಳಿಗೆ ಬೇಕಾದ ಸಾದಾ ಶಬ್ದಗಳು ಎಷ್ಟೋ ಬಾಕಿ ಇದ್ದವು. ಅವನ್ನು ಸೂಚಿಸಿದರೆ ಹೆಸರೇನು ಬರುತ್ತದೆ ಹೇಳಿ.

ನನ್ನ ಹೆಸರು ಬಂದದ್ದು ಒಂದು ಸದ್ದಿನಿಂದ. ಆ ಸದ್ದು ನನ್ನದಲ್ಲ, ನನ್ನ ತಮ್ಮ ಸೂರ್ಯಕಾಂತನದು. ಅವನು ಠಾಣಾ ಕುಶನೂರಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದ. ಸುಟ್ಟುಹೋದ ಪಂಪ್‌ಸೆಟ್ಟಿನ ತಂತಿ ಬಿಚ್ಚಿ ಹೊಸ ತಂತಿ ಸುತ್ತುವ ಕೆಲಸ. ಬಾವಿಯಲ್ಲಿ ನೀರಿದ್ದರೆ ಮೋಟರು ಓಡುತ್ತದೆ, ಓಡಿದರೆ ಸುಡುತ್ತದೆ, ಸುಟ್ಟರೆ ಅವನ ಮನೆಯ ಒಲೆ ಉರಿಯುತ್ತದೆ. ನೀರೇ ಇಲ್ಲದ ಮೇಲೆ ಮೋಟರುಗಳು ನಿಶ್ಚಿಂತೆಯಿಂದ ಮಲಗಿದವು. ಒಮ್ಮೆ ಅವನನ್ನು ನೋಡಲು ಹೋದಾಗ ಒಂದು ಹೊಲದ ಬೋರು ಚಾಲೂ ಮಾಡಿ, "ಕೇಳಣ್ಣಾ, ಕೆಳಗ ಬರೀ ಗಾಳಿ ಅದ. ಇದೇ ಸಪ್ಪಳ ಎಲ್ಲಾ ಕಡಿ" ಎಂದ. ನೀರು ಸಿಗದೆ ಮೋಟರು ಹೂಕ್, ಹೂಕ್ ಎಂದು ಬಿಕ್ಕುತ್ತಿತ್ತು. ಅವನ ಮುಖ ನೋಡಬೇಕಾದವನು ನಾನು. ಬದಲಿಗೆ ಆ ಸದ್ದನ್ನು ಮೊಬೈಲಿನಲ್ಲಿ ಬರೆದುಕೊಂಡೆ. ಮುಂದಿನ ವಾರ 'ಹೂಕಾ' ಎಂಬ ಶಬ್ದ, 'ಹುಡುಕಿ ಬರಿಗೈಯಲ್ಲಿ ಬಂದ ಆಸೆ' ಎಂಬ ಅರ್ಥದಲ್ಲಿ, ಒಂದೂ ವಿರೋಧವಿಲ್ಲದೆ ಪಾಸಾಯಿತು. ಹಲ್ಲಿನ ವೈದ್ಯೆ ಓದಿ ಕಣ್ಣೀರು ಹಾಕಿದಳಂತೆ. ತಮ್ಮನ ಅಂಗಡಿ ಮುಚ್ಚುವ ಹೊತ್ತಿಗೆ ನಾನು ಲುವೇನಾದ ಕವಿಯಾಗಿದ್ದೆ.

ಇಷ್ಟೆಲ್ಲ ಸಾಹಸ ನಡೆಯುತ್ತಿದ್ದದ್ದು ನಮ್ಮ ಮನೆಯ ಹೊರಗಿನ ಖೋಲಿಯಲ್ಲಿ. ರಸ್ತೆಗೆ ಬಾಗಿಲಿರುವ, ಹಿಂದೊಮ್ಮೆ ಯಾರೋ ಕಿರಾಣಿ ಇಟ್ಟಿದ್ದ ಖೋಲಿ ಅದು. ಇಡೀ ಮನೆಯಲ್ಲಿ ಅಲ್ಲೊಂದೇ ಕಡೆ ನೆಟ್‌ವರ್ಕ್ ಚೆನ್ನಾಗಿ ಸಿಗುತ್ತಿತ್ತು. ಒಂದು ಮೇಜು, ಒಂದು ಕುರ್ಚಿ, ಗೋಡೆ ತುಂಬ ಶಬ್ದಗಳ ಪಟ್ಟಿ. ನನ್ನ ಹೆಂಡತಿ ಜಗದೇವಿ ಒಂದು ದಿನ ಚಹಾ ತಂದಿಟ್ಟು ಪಟ್ಟಿಯನ್ನೂ ನನ್ನನ್ನೂ ನೋಡಿ ಹೇಳಿದಳು: "ಈ ಖೋಲಿ ಸೂರ್ಯಕಾಂತಗ ಕೊಡ್ರಿ. ಹಳ್ಯಾಗ ಮೋಟರ್ ಇಲ್ಲಂದ್ರ ಏನಾತು, ಇಲ್ಲಿ ಮನಿಮನಿಗಿ ಫ್ಯಾನ್ ಅವ, ಮಿಕ್ಸರ್ ಅವ. ಅಂಗಡಿ ಹಾಕ್ಲಿ. ಹೆಂಡ್ರು ಮಕ್ಕಳು ನಮ್ ಕೂಡನೇ ಇರ್ಲಿ." ಇಂಥ ಸರಳ ಪರಿಹಾರ ನನಗೇಕೆ ಹೊಳೆಯಲಿಲ್ಲ ಎಂದು ನಾಚಿಕೆಯಾಯಿತು. "ನೋಡೋಣ" ಎಂದೆ. "ನೋಡೂದೇನದರಿ ಇದರಾಗ? ಮಾತಾಡೂದದ" ಎಂದಳು. ಮಾತಾಡುತ್ತೇನೆ ಎಂದೆ. ಅದಾಗಿ ಒಂದು ತಿಂಗಳು ಕಳೆಯಿತು.

ಅವಳು ಖೋಲಿಯ ಮಾತು ಎತ್ತುವ ಎರಡು ತಿಂಗಳ ಮೊದಲೇ ಗುಂಪಿನಲ್ಲಿ ಒಂದು ವ್ರತ ಶುರುವಾಗಿತ್ತು. ಆಡದೆ ಭಾಷೆ ಬದುಕದು, ಆದ್ದರಿಂದ ರವಿವಾರ ಸೂರ್ಯ ಹುಟ್ಟಿದಾಗಿನಿಂದ ಮುಳುಗುವ ತನಕ ಲುವೇನಾ ಬಿಟ್ಟು ಬೇರೆ ಭಾಷೆ ಆಡಬಾರದು, ಬರೆಯಬಾರದು ಎಂದು ನಿಯಮ. ಹನ್ನೆರಡು ರವಿವಾರ ತಪ್ಪದೆ ನಡೆಸಿದವರಿಗೆ 'ಮೊದಲ ಮಾತುಗಾರ' ಎಂಬ ಬಿರುದು. ಶಾಲೆಯಲ್ಲಿ ಆದರ್ಶ ಶಿಕ್ಷಕನೆಂದು ಯಾರೂ ಶಾಲು ಹೊದಿಸದ ನನಗೆ ಆ ಬಿರುದು ಬೇಕೇ ಬೇಕು ಅನ್ನಿಸಿತು. ಮೊದಲ ರವಿವಾರ ಜಗದೇವಿ ಹೆದರಿ ಕೈಕಾಲು ಮುಟ್ಟಿ ನೋಡಿದಳು. ಎರಡನೆಯದಕ್ಕೆ ಸಿಟ್ಟಾದಳು. ಮೂರನೆಯ ಹೊತ್ತಿಗೆ ಸುಖವಾಗಿದ್ದಳು. ನಾನು ಎದುರು ಮಾತಾಡಲಾರೆನೆಂದು ತಿಳಿದ ಮೇಲೆ ವಾರದ ಜಗಳಗಳನ್ನೆಲ್ಲ ರವಿವಾರಕ್ಕೇ ಕೂಡಿಹಾಕತೊಡಗಿದಳು. ಒಂದು ರವಿವಾರ ನೀರಿನ ಟ್ಯಾಂಕರು ಬಂದಾಗ ಕೊಡ ಹಿಡಿದು ನಾನೂ ನಿಂತೆ. ಸಾಲಿನಲ್ಲಿ ಮುಂದಿದ್ದ ನೆರೆಮನೆಯ ಗುರಮ್ಮ ಏನೋ ಕೇಳಿದ್ದಕ್ಕೆ ಲುವೇನಾದಲ್ಲಿ ನಮ್ರವಾಗಿ ಉತ್ತರಿಸಿದೆ. ಆಕೆ ಗಾಬರಿಯಿಂದ ಸರಿದು, "ಮಾಸ್ತರಗ ಏನೋ ಹರಕಿ ಅದ ಅಂತ್ರಿ, ಮದ್ಲ ಅವರಿಗಿ ಬಿಡ್ರಿ" ಎಂದಳು. ಎಲ್ಲರೂ ದಾರಿ ಬಿಟ್ಟರು. ಲುವೇನಾದಿಂದ ನಮ್ಮ ಮನೆಗೆ ಆದ ಲಾಭ ಅದೊಂದೇ, ನಾಲ್ಕು ಕೊಡ ನೀರು.

ಹನ್ನೆರಡನೆಯ ರವಿವಾರ, ಇಳಿಹೊತ್ತಿನಲ್ಲಿ, ಸೂರ್ಯಕಾಂತ ಬಂದ. ನನಗಿಂತ ಎಂಟು ವರ್ಷ ಚಿಕ್ಕವನು. ಅಪ್ಪ ಹೋದ ಮೇಲೆ, ಹೊಸ ಅಂಗಿ ಹೊಲಿಸಬೇಕಾದರೂ ನನ್ನನ್ನು ಕೇಳಿ ಹೊಲಿಸಿದವನು. ಹೆಣ್ಣು ನೋಡಿ ಬಂದು ಕೇಳಿದ, ಅಂಗಡಿ ಹಾಕುವ ಮುಂಚೆ ಕೇಳಿದ. ನಮ್ಮ ಮನೆತನದ ರೂಢಿಯೇ ಅದು: ಹಿರಿಯ ಹೂಂ ಅನ್ನದೆ ಕಿರಿಯ ಹೊಸಲು ದಾಟುವುದಿಲ್ಲ, ಹಿರಿಯನ ಪರವಾಗಿ ಮನೆಯ ಹೆಂಗಸರು ಮಾತು ಕೊಡುವುದೂ ಇಲ್ಲ. ಹೊರಗಿನ ಖೋಲಿಗೆ ಬಂದು, ಕುರ್ಚಿ ಒಂದೇ ಇದ್ದುದರಿಂದ, ಹೊಸಲ ಮೇಲೆ ಕುಳಿತ. "ಹೈದರಾಬಾದಿನಾಗ ಒಬ್ಬ ಸೇಠ ಫ್ಯಾನ್ ಕಾರ್ಖಾನಿಗಿ ಕರ್ದಾನ ಅಣ್ಣಾ. ಇರಾಕ ಖೋಲಿನೂ ಕೊಡ್ತಾನಂತ. ಇವತ್ತ ಸಂಜಿಗಿ ಹೇಳ್ಬೇಕು. ನನಗೇನು ಮನಸಿಲ್ಲ. ನೀ ಹ್ಯಾಂಗ ಅಂತಿ ಹಂಗ. ನೀ ಬ್ಯಾಡ ಅಂದ್ರ ಇಲ್ಲೇ ಏನರೆ ನೋಡ್ತೇನಿ" ಎಂದ. ಒಳಗಿನ ಬಾಗಿಲಲ್ಲಿ ಜಗದೇವಿ ಬಂದು ನಿಂತಳು.

ಸೂರ್ಯ ಮುಳುಗಲು ಇನ್ನೂ ಮುಕ್ಕಾಲು ಗಂಟೆ ಇತ್ತು. ಹನ್ನೆರಡು ವಾರದ ತಪಸ್ಸು. ಮುಕ್ಕಾಲು ಗಂಟೆ ಇವನನ್ನು ಕೂರಿಸಿಕೊಂಡರೆ ಬಿರುದೂ ಬರುತ್ತದೆ, ತಮ್ಮನೂ ಉಳಿಯುತ್ತಾನೆ ಎಂದು ಲೆಕ್ಕ ಹಾಕಿದೆ. 'ಇರು' ಎಂಬುದಕ್ಕೆ ಲುವೇನಾದಲ್ಲಿ ಏನೆಂದು ಮೊಬೈಲಿನಲ್ಲಿ ಹುಡುಕಿದೆ. ಇರಲಿಲ್ಲ. ಯಾರೂ ಸೂಚಿಸಿರಲಿಲ್ಲ. ಹನ್ನೊಂದು ಮೋಡಗಳು ಸಾಲಾಗಿ ಬಂದವು. ತಮ್ಮ ಮಾತಾಡಿ ಮುಗಿಸಿ ಕಾಯುತ್ತಿದ್ದಾನೆ. ಅಣ್ಣ ಮೊಬೈಲು ನೋಡುತ್ತಿದ್ದಾನೆ. "ಬಾಯಿ ಬಿಡ್ರಿ, ಹೇಳ್ರಿ ಆ ಮಾತು" ಎಂದಳು ಜಗದೇವಿ. ನಾನು ತಡೆ ಎಂಬಂತೆ ಕೈಯೆತ್ತಿದೆ. ಆ ಕೈಯನ್ನು ಅವನು ಆಶೀರ್ವಾದ ಎಂದುಕೊಂಡ. ನಾನು ಗಡಿಬಿಡಿಯಲ್ಲಿ ಅವನ ಹೆಗಲು ಹಿಡಿದು, ನನಗೆ ಗೊತ್ತಿದ್ದ ಅತಿ ದುಃಖದ ಶಬ್ದವನ್ನು, ಅವನದೇ ಮೋಟರಿನ ಶಬ್ದವನ್ನು, ಹೇಳಿದೆ. "ಹೂಕಾ" ಎಂದೆ. ಅವನು ಬಗ್ಗಿ ಕಾಲು ಮುಟ್ಟಿ, "ಆತು ಅಣ್ಣಾ, ಬಸ್ಸಿನ ಟೈಮ್ ಆತು. ಬರ್ತೇನಿ ವೈನಿ" ಎಂದು ಅತ್ತಿಗೆಗೂ ಹೇಳಿ ಹೊರಟ. ಅವನ ಚಹಾ ಒಲೆಯ ಮೇಲೆಯೇ ಇತ್ತು.

ಸೂರ್ಯ ಮುಳುಗಿದ ಕೂಡಲೇ ಫೋನ್ ಮಾಡಿದೆ. ಹಿಂದೆ ಬಸ್ಸಿನ ಸಪ್ಪಳ. ಖೋಲಿಯ ವಿಷಯ, ಅಂಗಡಿಯ ವಿಷಯ, ಎಲ್ಲ ಒಂದೇ ಉಸಿರಿಗೆ ಒದರಿದೆ. ಅವನು ಪೂರ್ತಿ ಕೇಳಿಸಿಕೊಂಡು, "ಸೇಠಗ ಈಗ ಮಾತು ಕೊಟ್ಟೆ ಅಣ್ಣಾ. ನೀ ಹೂಂ ಅಂದಿ ಅಂತೇ ಕೊಟ್ಟೆ" ಎಂದ. ಬೈಯಲಿಲ್ಲ. ಬೈದಿದ್ದರೆ ಆ ರಾತ್ರಿ ಊಟ ಸೇರುತ್ತಿತ್ತೇನೋ. ಬುಧವಾರ ಹೆಂಡತಿ, ಇಬ್ಬರು ಮಕ್ಕಳ ಜೊತೆ ಬಸ್ಸು ಹತ್ತಿದ. ಅದೇ ದಿನ ನನಗೆ ಬಿರುದು ಬಂತು, ಬಣ್ಣದ ಅಂಚಿನ ಒಂದು ಚಿತ್ರದ ರೂಪದಲ್ಲಿ. ನಾನು 'ಇರು' ಎಂಬುದಕ್ಕೆ ಒಂದು ಶಬ್ದ ಸೂಚಿಸಿದೆ. ಎಲ್ಲರೂ ಮೆಚ್ಚಿ ಪಾಸು ಮಾಡಿದರು. ಮುಂದೆ ಒಂದು ವ್ಯಾಕರಣದ ಜಗಳದಲ್ಲಿ ಗುಂಪು ಎರಡಾಗಿ, ನಾಲ್ಕಾಗಿ, ಕಡೆಗೆ ಹಲ್ಲಿನ ವೈದ್ಯೆಯೂ ಸುಮ್ಮನಾಗಿ, ಲುವೇನಾ ಕಣ್ಮುಚ್ಚಿತು. ಮೊದಲ ಮಾತುಗಾರನಾದ ನಾನೇ ಈಗ ಕೊನೆಯವನೂ ಹೌದು.

ಆಮೇಲೆ ಮಳೆಗಳು ಬಂದವು, ಬಾವಿಗಳು ತುಂಬಿದವು, ಕುಶನೂರಿನಲ್ಲಿ ಮೋಟರುಗಳು ಮತ್ತೆ ಸುಡತೊಡಗಿದವು. ಹೊರಗಿನ ಖೋಲಿಯನ್ನು ನಾನು ಖಾಲಿ ಮಾಡಿ ಸುಣ್ಣ ಹೊಡೆಸಿದೆ. ಹೋದ ದೀಪಾವಳಿಗೆ ಬಂದಾಗ ಸೂರ್ಯಕಾಂತನನ್ನು ಕರೆದುಕೊಂಡು ಹೋಗಿ ತೋರಿಸಿ, "ಇಲ್ಲೇ ಇದ್ದುಬಿಡು ತಮ್ಮಾ" ಎಂದೆ. ಅವನು ಗೋಡೆ ಮುಟ್ಟಿ ನೋಡಿದ. "ಆಗ ಅಂದಿದ್ರ ಇರ್ತಿದ್ದೆ ಅಣ್ಣಾ. ಈಗ ಹುಡುಗೂರ ಸಾಲಿ ಅಲ್ಲೇ ಅದ, ಅವರ ದೋಸ್ತರೆಲ್ಲ ಅಲ್ಲೇ ಆಗ್ಯಾರ" ಎಂದ. ಅಂಗಳದಲ್ಲಿ ಅವನ ಮಕ್ಕಳು ತಮ್ಮತಮ್ಮಲ್ಲೇ ತೆಲುಗಿನಲ್ಲಿ ಜಗಳವಾಡುತ್ತಿದ್ದರು. ಆ ಭಾಷೆಗೆ ಯಾರೂ ಮತ ಹಾಕಿರಲಿಲ್ಲ, ಆದರೂ ಚೆನ್ನಾಗಿ ನಡೆಯುತ್ತಿತ್ತು.

ಈಗಲೂ ಅವನು ಫೋನ್ ಮಾಡುವುದು ಜಗದೇವಿಗೇ. ಮೊದಲು ಕೇಳುವುದು ಒಂದೇ ಮಾತು: "ಇವತ್ತು ಐತವಾರ ಅಲ್ಲಲ್ರಿ ವೈನಿ? ಅಣ್ಣ ಮಾತಾಡ್ತಾನಲ್ರಿ?" ತಮಾಷೆಗೆ ಕೇಳುತ್ತಾನೆ ಎಂದು ನಾನು ನಂಬಿದ್ದೇನೆ. ಇಷ್ಟು ವರ್ಷ ಬಂಧುಗಳಿಗೆಲ್ಲ ನಾನು ಹೇಳಿಕೊಂಡು ಬಂದ ಕಥೆಯೂ ಅದೇ, ಏನು ಮಾಡಲಿ, ಅಂದು ರವಿವಾರವಾಗಿತ್ತು, ಆ ಭಾಷೆಯಲ್ಲಿ ಆ ಶಬ್ದ ಇರಲಿಲ್ಲ. ಎಲ್ಲರೂ ನಗುತ್ತಾರೆ. ಜಗದೇವಿ ಮಾತ್ರ ನಗುವುದಿಲ್ಲ. ಅವಳು ಖೋಲಿಯ ಮಾತು ಎತ್ತಿದಂದಿನಿಂದ ಅವನು ಬಂದು ಹೊಸಲ ಮೇಲೆ ಕೂರುವ ತನಕ ಒಂದು ತಿಂಗಳಿತ್ತು ಎಂದು ಅವಳಿಗೆ ಗೊತ್ತು. ಆ ತಿಂಗಳಲ್ಲಿ ಸೋಮವಾರಗಳಿದ್ದವು, ಮಂಗಳವಾರಗಳಿದ್ದವು. ವಾರಕ್ಕೆ ಆರು ದಿನ ನನ್ನ ಬಾಯಲ್ಲಿ ಕನ್ನಡವೇ ಇತ್ತು. ಆದರೆ ಆ ಖೋಲಿಯಲ್ಲಿ ನೆಟ್‌ವರ್ಕ್ ಚೆನ್ನಾಗಿತ್ತು.