‘ಲ್ಲ’ ಹೋದದ್ದೆಲ್ಲಿಗೆ?

“ಒಂದೇ ಒಂದು ಭಾನುವಾರ ಕೊಡು. ಇವಳ ಕೈಲಿ ಓದಿಸದಿದ್ರೆ ನನ್ನ ಬ್ಲೇಡು ಕೆಳಗಿಡ್ತೀನಿ” ಎಂದು ಹೆಂಡತಿಯ ಮುಂದೆ ಘೋಷಿಸಿಬಿಟ್ಟೆ.

“ಅದನ್ನ ಮಗು ಕೈಗೆ ಸಿಗದ ಹಾಗೆ ಇಡಿ ಮೊದ್ಲು” ಎಂದಳು.

ಆರು ವರ್ಷದ ನಮ್ಮ ಮಗಳು ಒಂದು ಕಡೆ ನಿಲ್ಲುವವಳಲ್ಲ, ಹಾಗಾಗಿ ಮನೆಮಂದಿಗೆಲ್ಲ ಬುಗುರಿ. ಅಕ್ಷರಗಳನ್ನು ಬಿಡಿಬಿಡಿಯಾಗಿ ಹೇಳುತ್ತಾಳೆ, ಕೂಡಿಸಿ ಓದುವುದಿಲ್ಲ ಎಂದು ಟೀಚರ್ ಡೈರಿಯಲ್ಲಿ ಬರೆದು ಕಳಿಸಿದ್ದರು. ಯಾರ ಮಗಳು ಅವಳು? ಊರಿನ ಅರ್ಧ ಅಂಗಡಿಗಳ ಗಾಜಿಗೆ, ಮುಕ್ಕಾಲು ಗಾಡಿಗಳ ನಂಬರ್ ಪ್ಲೇಟಿಗೆ ಸ್ಟಿಕರ್ ಅಕ್ಷರ ಕತ್ತರಿಸಿದ ಮಹಾಶಯನ ಮಗಳು! ಮಾನದ ಪ್ರಶ್ನೆ.

ಉಳಿದ ಸ್ಟಿಕರ್ ಚೂರುಗಳಲ್ಲಿ ಅಕ್ಷರ ಕತ್ತರಿಸಿ ಹಾಲ್‌ನ ನೆಲದ ತುಂಬ ಹರಡಿದೆ. ಒತ್ತಕ್ಷರ ಮಗುವಿಗೆ ಕಷ್ಟವೆಂದು ಅವನ್ನು ಮಾತ್ರ ಬಿಟ್ಟೆ. ಆಟ ಹೀಗೆ: ‘ಮ’ದ ಮೇಲೆ ನಿಂತು ದನಿ ಎಳೆಯುತ್ತ ಓಡಬೇಕು, ಉಸಿರು ಕಡಿಯುವ ಮೊದಲು ‘ರ’ ಮುಟ್ಟಬೇಕು. ಕೂಡಿಸಿ ಹೇಳಿದರೆ ಆ ಪದವನ್ನು ಇಷ್ಟ ಬಂದಲ್ಲಿ ಅಂಟಿಸಬಹುದು. ಬುಗುರಿ ಗಿರಗಿರನೆ ತಿರುಗಿದಳು. ಮಧ್ಯಾಹ್ನದ ಹೊತ್ತಿಗೆ ಕುರ್ಚಿ ‘ಮರ’ವಾಗಿತ್ತು, ನನ್ನ ಹೆಲ್ಮೆಟ್ಟು ‘ಗಡಿಗೆ’ಯಾಗಿತ್ತು.

“ಅಪ್ಪಾ, ನಂಗೆ ‘ಲ್ಲ’ ಬೇಕು.”

ನಾನು ಫೋನಿನಲ್ಲಿದ್ದೆ. “ನಮ್ಮನೇಲಿ ಅಕ್ಷರಕ್ಕೇನು ಬರ? ಹುಡುಕ್ಕೋ” ಎಂದೆ.

ಫೋನಿಟ್ಟು ನೋಡಿದರೆ ಫ್ರಿಜ್ಜಿನ ಮೇಲೆ ಇಡೀ ವಾಕ್ಯ: ‘ನಾಳೆ ಶಾಲೆ ಇಲ್ಲ’. ನಾನು ಕುಣಿದಾಡಿದೆ. ಕತ್ತರಿಸದ ‘ಲ್ಲ’ ಎಲ್ಲಿಂದ ಬಂತೆಂದು ಆ ಸಂಭ್ರಮದಲ್ಲಿ ಹೊಳೆಯಲೇ ಇಲ್ಲ.

“ಓದೋಕೆ ಕಲಿಸಿ ಅಂದ್ರೆ ರಜೆ ಕೊಡೋಕೆ ಕಲಿಸಿದೀರಿ” ಎಂದಳು ಹೆಂಡತಿ.

ಸೋಮವಾರ ಬೆಳಿಗ್ಗೆ ಹಲ್ಲಿನ ಡಾಕ್ಟರಮ್ಮನ ಹೊಸ ಕ್ಲಿನಿಕ್ಕಿಗೆ ಓಡಿದೆ. ‘ನೋವಿಲ್ಲದೆ ಹಲ್ಲು ಕೀಳಲಾಗುವುದು’ ಎಂಬ ಸಾಲನ್ನು ಶನಿವಾರವೇ ಕತ್ತರಿಸಿ, ಹಾಲ್‌ನ ಮೇಜಿನ ಮೇಲಿಟ್ಟಿದ್ದೆ. ಈಗ ನೋಡಿದರೆ ಮೊದಲ ಪದದ ನಡುವೆ ಯಾಕೋ ಅಂತರ ಜಾಸ್ತಿ. ನನ್ನ ಕಣ್ಣಿಂದ ತಪ್ಪಿಸಿಕೊಳ್ಳಲು ಸಾಧ್ಯವೇ? ಅಕ್ಷರಗಳನ್ನು ಒತ್ತೊತ್ತಾಗಿ ಸರಿಸಿ, ಗಾಜಿಗೆ ಅಂಟಿಸಿ, ಉಜ್ಜಿ ಬಂದೆ.

ಮಧ್ಯಾಹ್ನ ಡಾಕ್ಟರಮ್ಮನ ಫೋನು. “ಬೆಳಗಿಂದ ಐದು ಜನ ಬಾಗಿಲ ತನಕ ಬಂದ್ರು, ಓದಿದ್ರು, ಕೆನ್ನೆ ಹಿಡ್ಕೊಂಡು ವಾಪಸ್ ಹೋದ್ರು. ಏನು ಅಂಟಿಸಿದೀರಿ? ಬಂದು ನೋಡಿ.”

ಶಾಲೆಯಿಂದ ಆಗಷ್ಟೇ ಬಂದಿದ್ದ ಬುಗುರಿಯನ್ನು ಸ್ಕೂಟರಿಗೆ ಹತ್ತಿಸಿಕೊಂಡು ಹಾರಿದೆ. ಡಾಕ್ಟರಮ್ಮ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲೇ ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಬುಗುರಿ ಗಾಜಿನ ಮೇಲೆ ಬೆರಳಾಡಿಸಿ, ಉಸಿರು ಕಡಿಯದೆ ಓದಿದಳು:

“ನೋ… ವಿ… ದೆ. ನೋವಿದೆ. ಹಲ್ಲು ಕೀ… ಳ… ಲಾಗುವುದು.”

ಓದಿದಳು! ಕೂಡಿಸಿ ಓದಿದಳು! ಅವಳನ್ನು ಎತ್ತಿಕೊಂಡು ಫುಟ್‌ಪಾತಿನಲ್ಲೇ ಎರಡು ಸುತ್ತು ಕುಣಿದೆ. ಮೂರನೆಯ ಸುತ್ತಿನಲ್ಲಿ ಓದಿದ್ದೇನೆಂಬುದು ತಲೆಗೆ ಹತ್ತಿ, ಕಾಲು ನಿಂತವು.

“‘ಲ್ಲ’ ಎಲ್ಲಮ್ಮಾ?” ಎಂದೆ, ಸಣ್ಣ ದನಿಯಲ್ಲಿ.

“ಫ್ರಿಜ್ ಮೇಲೆ. ನೀನೇ ಹುಡುಕ್ಕೋ ಅಂದ್ಯಲ್ಲ.”

ಡಾಕ್ಟರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಮಗಳಿಗೆ ಓದೋಕೆ ಬಂತು, ಸಂತೋಷ. ನಿಮಗೆ ಯಾರು ಕಲಿಸ್ತಾರೆ?”

ಬುಗುರಿ ಕ್ಲಾಸಿನಲ್ಲಿ ಎತ್ತುವಂತೆ ಕೈ ಎತ್ತಿದಳು. “ನಾನು, ಮಿಸ್.”